ಪಂಚಾಯಿತಿ, ಪುರಸಭೆ ಸದಸ್ಯರ ನಡತೆಯ ಮೇಲಿನ ದೂರು: ಕೊಡುವವರಿಗೂ ಸ್ವೀಕರಿಸುವವರಿಗೂ ಒಂದು ಕೈಪಿಡಿ

ಯಾವುದೇ ತಾಲ್ಲೂಕು ಪಂಚಾಯಿತಿ ಕಚೇರಿಯ ಟಪಾಲು ಕಡತ ತೆರೆದರೂ ಸದಸ್ಯರ ವಿರುದ್ಧದ ಅರ್ಜಿಗಳು ಸಿಗುತ್ತವೆ. ಅವುಗಳಲ್ಲಿ ಬಹುಪಾಲು "ಕೂಲಂಕಷ ತನಿಖೆ ನಡೆಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ" ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಆ ಕ್ರಮ ಯಾವುದು, ಅದನ್ನು ಕೈಗೊಳ್ಳುವ ಅಧಿಕಾರ ಯಾರಿಗಿದೆ, ಯಾವ ಕಾಯ್ದೆಯ ಯಾವ ಕಲಂ ಅದಕ್ಕೆ ಆಧಾರ ಎಂಬುದನ್ನು ಅರ್ಜಿದಾರರು ಹೇಳಿರುವುದಿಲ್ಲ, ಸ್ವೀಕರಿಸಿದ ಅಧಿಕಾರಿಯೂ ಹುಡುಕುವ ಗೋಜಿಗೆ ಹೋಗುವುದಿಲ್ಲ. ಅರ್ಜಿಯ ಮೇಲೆ "ಪರಿಶೀಲಿಸಿ ಕ್ರಮ ವಹಿಸಿ" ಎಂಬ ಷರಾ ಬೀಳುತ್ತದೆ, ಅದರ ಪ್ರತಿಯೊಂದು ಕೆಳಗಿನ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಅದೇ ಸದಸ್ಯರ ಕೈಗೆ ಸೇರುತ್ತದೆ. ಸುಳ್ಳು ಎಂಬ ಕಾರಣಕ್ಕೆ ಬಿದ್ದುಹೋಗುವ ದೂರುಗಳಿಗಿಂತ, ಸಲ್ಲದ ಬಾಗಿಲು ತಟ್ಟಿದ್ದಕ್ಕೆ ಬಿದ್ದುಹೋಗುವ ದೂರುಗಳೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಬಾಗಿಲುಗಳು ಹಲವು. ಗ್ರಾಮ ಪಂಚಾಯಿತಿ ಸದಸ್ಯರಿಗೆ ಅನ್ವಯಿಸುವುದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಅದರ 12ನೇ ಪ್ರಕರಣ (ಕಲಂ) ಅನರ್ಹತೆಯ ಕಾರಣಗಳನ್ನು ಪಟ್ಟಿ ಮಾಡುತ್ತದೆ. 43ಎ ಪ್ರಕರಣವು ಕರ್ತವ್ಯ ನಿರ್ವಹಣೆಯಲ್ಲಿ ದುರ್ನಡತೆ ತೋರಿದ ಅಥವಾ ಅಪಮಾನಕರವಾಗಿ ನಡೆದುಕೊಂಡ ಸದಸ್ಯರನ್ನು ವಿಚಾರಣೆ ನಡೆಸಿ ತೆಗೆದುಹಾಕಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಅಧ್ಯಕ್ಷ, ಉಪಾಧ್ಯಕ್ಷರನ್ನು ಆ ಸ್ಥಾನದಿಂದ ತೆಗೆಯುವ ವಿಚಾರ 48ನೇ ಪ್ರಕರಣದಲ್ಲಿದೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪುರಸಭೆಗಳ ಅಧಿನಿಯಮದ 16 ಮತ್ತು 41ನೇ ಪ್ರಕರಣಗಳು, ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಅಧಿನಿಯಮದ 26ನೇ ಪ್ರಕರಣ. ಇವೆಲ್ಲಕ್ಕೂ ಹೊರತಾಗಿ 1984ರ ಲೋಕಾಯುಕ್ತ ಅಧಿನಿಯಮ, 1988ರ ಭ್ರಷ್ಟಾಚಾರ ತಡೆ ಅಧಿನಿಯಮ, ಮತ್ತು ಕೃತ್ಯ ಅಪರಾಧವಾಗಿದ್ದರೆ ಸಾಮಾನ್ಯ ಪೊಲೀಸ್ ಠಾಣೆ.

ಈ ವ್ಯವಸ್ಥೆಯಲ್ಲಿ ಒಂದು ಕೊರತೆಯಿದ್ದು, ದೂರು ಬರೆಯುವ ಮೊದಲೇ ಅದನ್ನು ತಿಳಿದಿರಬೇಕು. ಸರ್ಕಾರಿ ನೌಕರನಿಗಾದರೆ ವಾಗ್ದಂಡನೆ, ವೇತನ ಬಡ್ತಿ ತಡೆ, ಹಿಂಬಡ್ತಿ, ವಜಾ ಎಂದು ಮೆಟ್ಟಿಲು ಮೆಟ್ಟಿಲಾಗಿ ದಂಡನೆಗಳಿವೆ. ಚುನಾಯಿತ ಸದಸ್ಯನ ವಿಷಯದಲ್ಲಿ 43ಎ ಅಥವಾ 41ರ ಅಡಿ ದೊರೆಯುವುದು ಸದಸ್ಯತ್ವ ರದ್ದತಿಯೊಂದೇ. ಸಭೆಯಲ್ಲಿ ಗದ್ದಲ ಎಬ್ಬಿಸಿದವರನ್ನು ಅಧ್ಯಕ್ಷತೆ ವಹಿಸಿದವರು ಹೊರಗೆ ಕಳಿಸಬಹುದೇ ಹೊರತು, ಎಚ್ಚರಿಕೆ ಮತ್ತು ಪದಚ್ಯುತಿಯ ನಡುವೆ ಕಾಯ್ದೆಬದ್ಧವಾದ ಮೆಟ್ಟಿಲಿಲ್ಲ. ಜನ ಆರಿಸಿ ಕಳಿಸಿದವನನ್ನು ಒಂದು ಒರಟು ಮಾತಿಗೆ ಮನೆಗೆ ಕಳಿಸಲು ಯಾವ ಪ್ರಾಧಿಕಾರವೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆದ್ದರಿಂದ ಸದಸ್ಯತ್ವ ರದ್ದಾಗುವಷ್ಟು ಗಂಭೀರವಲ್ಲದ ದೂರಿನಲ್ಲಿ ರದ್ದತಿಯನ್ನೇ ಕೇಳುವುದು ದೂರನ್ನು ಕೈಯಾರೆ ದುರ್ಬಲಗೊಳಿಸಿದಂತೆ. ಅಂಥ ಸಂದರ್ಭದಲ್ಲಿ ವಿಷಯವನ್ನು ಗ್ರಾಮ ಸಭೆಯಲ್ಲಿ ಎತ್ತಿ ನಡವಳಿಯಲ್ಲಿ ದಾಖಲಿಸುವುದು, ನಿಂತುಹೋದ ಕೆಲಸವನ್ನು ಮಾಡಿಸಿಕೊಳ್ಳುವುದು ಹೆಚ್ಚು ಫಲ ಕೊಡುವ ದಾರಿ.

ದೂರಿನ ಜಾತಿ ಗುರುತಿಸುವುದು

ಕೈಯಲ್ಲಿರುವ ಸಂಗತಿ ಯಾವ ಬಗೆಯದು ಎಂದು ಮೊದಲು ಗೊತ್ತುಪಡಿಸಿಕೊಳ್ಳಬೇಕು. ಸದಸ್ಯರ ವಿರುದ್ಧ ಸಾಬೀತುಪಡಿಸಲು ಹೋಲಿಕೆಯಲ್ಲಿ ಸುಲಭವಾದದ್ದು ಸ್ವಹಿತಾಸಕ್ತಿಯ ಆರೋಪ, ಏಕೆಂದರೆ ಅದರ ಪುರಾವೆಯೆಲ್ಲ ಕಾಗದದಲ್ಲೇ ಇರುತ್ತದೆ. ಪಂಚಾಯಿತಿ ಕಾಮಗಾರಿಯ ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಇರಕೂಡದೆಂಬುದು ಮೂರೂ ಅಧಿನಿಯಮಗಳ ಅನರ್ಹತೆಯ ಪಟ್ಟಿಯಲ್ಲಿದೆ. ಗುತ್ತಿಗೆದಾರನ ಹೆಸರಿನಲ್ಲಿ ಅಣ್ಣನೋ ಬಾವನೋ ಇದ್ದು ಕೆಲಸವನ್ನೆಲ್ಲ ಸದಸ್ಯರೇ ನಿಂತು ಮಾಡಿಸುವುದು ಹಳ್ಳಿಗಳಲ್ಲಿ ಗುಟ್ಟೇನಲ್ಲ. ಆದರೆ ರಕ್ತಸಂಬಂಧ ಒಂದನ್ನೇ ತೋರಿಸಿದರೆ ಸಾಲದು. ಹಣ ಅಥವಾ ಲಾಭ ಸದಸ್ಯರತ್ತ ಹರಿದಿದೆ ಎಂಬ ಕೊಂಡಿ ಬೇಕು. ಸಾಮಗ್ರಿ ಪೂರೈಸಿದ ಅಂಗಡಿಯ ಪರವಾನಗಿ ಯಾರ ಹೆಸರಿನಲ್ಲಿದೆ, ಬಾಡಿಗೆ ಪಡೆದ ಟ್ರ್ಯಾಕ್ಟರಿನ ನೋಂದಣಿ ಯಾರದು, ಬಿಲ್ ಪಾವತಿಯಾದ ಸಭೆಯಲ್ಲಿ ಆ ಸದಸ್ಯರು ಹಾಜರಿದ್ದು ಸಹಿ ಮಾಡಿದ್ದಾರೆಯೇ ಎಂಬ ಮೂರು ಕಾಗದಗಳು ಒಟ್ಟಿಗೆ ಬಂದಾಗ ಕೊಂಡಿ ತಾನಾಗಿ ಕಾಣುತ್ತದೆ. 2025ರ ಫೆಬ್ರವರಿಯಲ್ಲಿ ಬೆಳಗಾವಿ ಮಹಾನಗರ ಪಾಲಿಕೆಯ ಇಬ್ಬರು ಸದಸ್ಯರನ್ನು ಪ್ರಾದೇಶಿಕ ಆಯುಕ್ತರು ಅನರ್ಹಗೊಳಿಸಿದ್ದು ಇದೇ ಬಗೆಯ ಆರೋಪದ ಮೇಲೆ: ತಿನಿಸು ಕಟ್ಟೆಯ ಮಳಿಗೆಗಳನ್ನು ಪತ್ನಿಯರ ಹೆಸರಿನಲ್ಲಿ ಪಡೆದರು ಎಂಬುದು ಅಲ್ಲಿನ ದೂರು. ಆದೇಶವನ್ನು ಅವರು ಮೇಲಿನ ಹಂತದಲ್ಲಿ ಪ್ರಶ್ನಿಸಿದರು. ಹಂಚಿಕೆಯ ದಾಖಲೆಯೇ ಮಾತಾಡುವ ಪ್ರಕರಣದಲ್ಲಿ ಸಾಮಾನ್ಯ ನಾಗರಿಕನ ಅರ್ಜಿಯೂ ಆದೇಶದ ಹಂತ ಮುಟ್ಟಬಲ್ಲದು ಎಂಬುದಕ್ಕೆ ಅದು ನಿದರ್ಶನ.

ಲಂಚದ ಬೇಡಿಕೆಯ ದಾರಿ ಪೂರ್ತಿ ಬೇರೆ. ಖಾತೆ ಬದಲಾವಣೆಗೋ ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರು ಸೇರಿಸುವುದಕ್ಕೋ ಸದಸ್ಯರು ಹಣ ಕೇಳಿದರೆ ಅದನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೂ ತಾಲ್ಲೂಕು ಪಂಚಾಯಿತಿಗೂ ಅರ್ಜಿಯ ಮೂಲಕ ತಿಳಿಸುತ್ತ ಕೂರಬಾರದು. ವಿಷಯ ಸೋರಿದರೆ ಸಾಕ್ಷ್ಯವೇ ಉಳಿಯುವುದಿಲ್ಲ. ಭ್ರಷ್ಟಾಚಾರ ನಿಗ್ರಹ ದಳದ ರಚನೆಯನ್ನು ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದುಪಡಿಸಿದ ಮೇಲೆ ಈ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರ ಪಾಲಿಗೆ ಬಂದಿದೆ. ಜಿಲ್ಲಾ ಕೇಂದ್ರದಲ್ಲಿರುವ ಅವರ ಕಚೇರಿಗೆ ಹಣ ಕೊಡುವ ಮೊದಲೇ ನೇರವಾಗಿ ಹೋಗಬೇಕು. ಬಲವಂತಕ್ಕೆ ಸಿಕ್ಕಿ ಈಗಾಗಲೇ ಕೊಟ್ಟಿದ್ದರೆ ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರನ್ನು ಕಾನೂನು ಲಂಚ ಕೊಟ್ಟ ಅಪರಾಧಿಯೆಂದು ಕಾಣುವುದಿಲ್ಲ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಅಧಿನಿಯಮದ 8ನೇ ಪ್ರಕರಣ ಹೀಗಿದೆ. ಆ ಏಳು ದಿನಗಳನ್ನು ಊರ ಹಿರಿಯರ ಪಂಚಾಯಿತಿಯಲ್ಲಿ ಕಳೆದವರು ಆಮೇಲೆ ದೂರುದಾರರಾಗಿ ಉಳಿಯದೆ ಆರೋಪಿಯ ಸ್ಥಾನಕ್ಕೆ ಜಾರುವ ಅಪಾಯವಿದೆ.

ಬೈಗುಳ, ಬೆದರಿಕೆ, ಹಲ್ಲೆಗಳು ನಡತೆಯ ಪ್ರಶ್ನೆಯಾಗುವ ಮೊದಲು ಅಪರಾಧಗಳು. ಜಾತಿ ಹಿಡಿದು ಸಾರ್ವಜನಿಕವಾಗಿ ನಿಂದಿಸಿದರೆ 1989ರ ದೌರ್ಜನ್ಯ ತಡೆ ಅಧಿನಿಯಮ ಅನ್ವಯಿಸುತ್ತದೆ, ಕಚೇರಿಯ ಮಹಿಳಾ ಸಿಬ್ಬಂದಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯ ಸಮಿತಿಗಳಿವೆ. ಇಂಥ ಪ್ರಕರಣದಲ್ಲಿ ಮೊದಲು ಠಾಣೆಗೆ ದೂರು ಕೊಟ್ಟು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ನಡತೆಯ ದೂರಿಗೆ ಲಗತ್ತಿಸಬೇಕು. ನಾಮಪತ್ರದ ಪ್ರಮಾಣಪತ್ರದಲ್ಲಿ ಸುಳ್ಳು ಹೇಳಿ ಗೆದ್ದರು ಎಂಬ ತಕರಾರಿಗೆ ಚುನಾವಣಾ ಅರ್ಜಿಯೇ ದಾರಿ. ಗ್ರಾಮ ಪಂಚಾಯಿತಿಯ ಮಟ್ಟಿಗೆ ಅದಕ್ಕೆ ಫಲಿತಾಂಶದಿಂದ 30 ದಿನಗಳ ಗಡುವು.

ದಾಖಲೆ ಮೊದಲು, ದೂರು ಆಮೇಲೆ

ಕೋಪ ಬಂದ ದಿನವೇ ಅರ್ಜಿ ಬರೆದು, ದಾಖಲೆಗಳನ್ನು ಆಮೇಲೆ ಹುಡುಕುವುದು ರೂಢಿ. ಇದು ತಿರುವುಮುರುವಾಗಬೇಕು. ದೂರು ದಾಖಲಾದ ಸುದ್ದಿ ಸದಸ್ಯರಿಗೆ ಮುಟ್ಟಿದ ಮೇಲೆ ಅಳತೆ ಪುಸ್ತಕವೋ (ನಡೆದ ಕೆಲಸದ ಅಳತೆಯನ್ನು ಎಂಜಿನಿಯರ್ ಬರೆದಿಡುವ ಪುಸ್ತಕ) ವೋಚರ್ ಕಡತವೋ "ಲಭ್ಯವಿಲ್ಲ" ಎಂಬ ಉತ್ತರ ಬರಲು ಹೆಚ್ಚು ಸಮಯ ಬೇಕಾಗುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಐದು ವರ್ಷಗಳ ಎಲ್ಲ ಕಾಮಗಾರಿಗಳ ಎಲ್ಲ ಮಾಹಿತಿ ಕೊಡಿ ಎಂದು ಬರೆದವರಿಗೆ ಈ ನಿಯಮವನ್ನೇ ಮುಂದಿಟ್ಟು ಹಿಂಬರಹ ಕೊಡಲಾಗುತ್ತದೆ. ಒಂದು ಕಾಮಗಾರಿಯನ್ನು ಆರಿಸಿಕೊಂಡು ಅದರ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ವೋಚರ್, ಪಾವತಿಗೆ ಅನುಮೋದನೆ ನೀಡಿದ ಸಭೆಯ ನಡವಳಿ ಇಷ್ಟನ್ನು ದೃಢೀಕೃತ ಪ್ರತಿಗಳಾಗಿ ಕೇಳಿದರೆ ಸಾಕು. ಗ್ರಾಮ ಪಂಚಾಯಿತಿಗಳ ಸಭಾ ನಡವಳಿಗಳು ಪಂಚತಂತ್ರ ತಂತ್ರಾಂಶದಲ್ಲೂ ಕಾಮಗಾರಿಯ ವಿವರಗಳು ಗಾಂಧಿ ಸಾಕ್ಷಿ ಕಾಯಕ ಎಂಬ ತಂತ್ರಾಂಶದಲ್ಲೂ ದಾಖಲಾಗಿರುತ್ತವೆ. ಅಲ್ಲಿನ ದಿನಾಂಕ, ಮೊತ್ತಗಳನ್ನು ಕೈಗೆ ಬಂದ ಪ್ರತಿಗಳೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು. ಎರಡೂ ತಾಳೆಯಾಗದಿದ್ದರೆ ಆ ವ್ಯತ್ಯಾಸವೇ ದೂರಿನ ಜೀವಾಳವಾಗಬಹುದು.

ಮೊಬೈಲ್ ಧ್ವನಿಮುದ್ರಿಕೆಯನ್ನು ನಂಬಿ ದೂರು ಕೊಡುವವರು ಮೂಲ ಕಡತವನ್ನೂ ಅದು ಮುದ್ರಿತವಾದ ಫೋನನ್ನೂ ಹಾಗೆಯೇ ಉಳಿಸಿಕೊಳ್ಳಬೇಕು. ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಂತೆ ಪ್ರಮಾಣಪತ್ರ ಬೇಕು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹತ್ತು ಕೈ ದಾಟಿ ಬಂದ ತುಣುಕಿಗೆ ಅಂಥ ಪ್ರಮಾಣಪತ್ರ ಕೊಡುವವರು ಯಾರೂ ಸಿಗುವುದಿಲ್ಲ. ಊರಿಗೆಲ್ಲ ಹಂಚುವ ಆಸೆಯನ್ನು ವಿಚಾರಣೆ ಮುಗಿಯುವವರೆಗಾದರೂ ತಡೆದುಕೊಳ್ಳುವುದು ಮಾನನಷ್ಟದ ದೃಷ್ಟಿಯಿಂದಲೂ ಕ್ಷೇಮ.

ಬರೆಯುವ ಬಗೆಯನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. "ನಮ್ಮ ವಾರ್ಡಿನ ಸದಸ್ಯರು ಚರಂಡಿ ಕೆಲಸದಲ್ಲಿ ಲಕ್ಷಾಂತರ ರೂಪಾಯಿ ನುಂಗಿ ಸರ್ವಾಧಿಕಾರಿಯಂತೆ ವರ್ತಿಸುತ್ತಿದ್ದಾರೆ" ಎಂಬ ವಾಕ್ಯದಲ್ಲಿ ತನಿಖೆ ಮಾಡಬಹುದಾದ ಸಂಗತಿ ಒಂದೂ ಇಲ್ಲ. ಅದನ್ನೇ ಹೀಗೆ ಬರೆಯಬಹುದು: "ಎರಡನೇ ವಾರ್ಡಿನ ಶಾಲೆಯಿಂದ ಸೇತುವೆಯವರೆಗಿನ ಚರಂಡಿಯ ಉದ್ದ ಅಳತೆ ಪುಸ್ತಕದಲ್ಲಿ 120 ಮೀಟರ್ ಎಂದಿದೆ; ಸ್ಥಳದಲ್ಲಿ ಇರುವುದು 70 ಮೀಟರ್. ಪೂರ್ಣ ಮೊತ್ತ ಪಾವತಿಗೆ ಒಪ್ಪಿಗೆ ಕೊಟ್ಟ ಸಭೆಯ ನಡವಳಿಯಲ್ಲಿ ಸದಸ್ಯರು ಸೂಚಕರಾಗಿದ್ದಾರೆ. ಸಿಮೆಂಟ್ ಪೂರೈಸಿದ ಅಂಗಡಿಯ ಪರವಾನಗಿ ಅವರ ಪತ್ನಿಯ ಹೆಸರಿನಲ್ಲಿದೆ. ಮೂರೂ ದಾಖಲೆಗಳ ಪ್ರತಿಗಳನ್ನು ಅನುಬಂಧ 1ರಿಂದ 3 ಎಂದು ಲಗತ್ತಿಸಿದೆ." ಇಲ್ಲಿ ಬೈಗುಳವಿಲ್ಲ, ವಿಶೇಷಣವಿಲ್ಲ, ಆದರೆ ತನಿಖಾಧಿಕಾರಿ ಟೇಪು ಹಿಡಿದು ಸ್ಥಳಕ್ಕೆ ಹೋಗಲೇಬೇಕಾಗುತ್ತದೆ. ಕೊನೆಯಲ್ಲಿ ಕೋರಿಕೆಯೂ ಇಷ್ಟೇ ನಿಖರವಾಗಿರಲಿ: ಸ್ಥಳ ಪರಿಶೀಲನೆ, ಹೆಚ್ಚುವರಿ ಪಾವತಿಯ ವಸೂಲಿ, 12 ಅಥವಾ 43ಎ ಪ್ರಕರಣದಡಿ ವಿಚಾರಣೆ. ಅಳತೆ ಪುಸ್ತಕ ಬರೆಯುವವರು ಎಂಜಿನಿಯರ್, ಪಾವತಿಗೆ ಸಹಿ ಹಾಕುವವರಲ್ಲಿ ಪಿಡಿಒ ಕೂಡ ಇದ್ದಾರೆ ಎಂಬುದನ್ನು ಮರೆತು ಸದಸ್ಯರೊಬ್ಬರನ್ನೇ ಗುರಿಮಾಡಿದ ದೂರಿನಲ್ಲಿ ಅವರು "ತಾಂತ್ರಿಕ ವಿಷಯ ನನಗೆ ತಿಳಿಯದು" ಎಂದು ಸುಲಭವಾಗಿ ಜಾರಿಕೊಳ್ಳುತ್ತಾರೆ.

ಗ್ರಾಮ ಪಂಚಾಯಿತಿ ಸದಸ್ಯರ ವಿರುದ್ಧದ ದೂರನ್ನು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆದು, ತಾಲ್ಲೂಕು ಪಂಚಾಯಿತಿಗೆ ಪ್ರತಿ ಕೊಡುವುದು ಸೂಕ್ತ. ಪುರಸಭೆ, ನಗರಸಭೆಗಳ ವಿಷಯದಲ್ಲಿ ಜಿಲ್ಲಾಧಿಕಾರಿ ಮತ್ತು ಪೌರಾಡಳಿತ ನಿರ್ದೇಶನಾಲಯ, ಪಾಲಿಕೆಯ ಅನರ್ಹತೆಯ ಪ್ರಶ್ನೆಯಲ್ಲಿ ಪ್ರಾದೇಶಿಕ ಆಯುಕ್ತರು. 1902 ಸಹಾಯವಾಣಿಯ ಜನಸ್ಪಂದನ ವ್ಯವಸ್ಥೆ ನೀರು, ಬೀದಿದೀಪಗಳ ದೂರಿಗೆ ಚೆನ್ನಾಗಿ ಒದಗುತ್ತದೆ, ನಡತೆಯ ದೂರಿಗೆ ಅದು ತಕ್ಕ ವೇದಿಕೆಯಲ್ಲ.

ಲೋಕಾಯುಕ್ತಕ್ಕೆ ಹೋಗುವವರು ನಮೂನೆ 1ರಲ್ಲಿ ದೂರನ್ನೂ ನಮೂನೆ 2ರಲ್ಲಿ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. ಸ್ಥಳೀಯ ಸಂಸ್ಥೆಗಳ ಸದಸ್ಯರು ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಸಾರ್ವಜನಿಕ ನೌಕರರೇ. ಆಡಳಿತದ ಲೋಪದಿಂದ ತಮಗಾದ ಅನ್ಯಾಯದ ಕುಂದುಕೊರತೆಯಾದರೆ ವಿಷಯ ತಿಳಿದ ಆರು ತಿಂಗಳೊಳಗೆ, ಅಧಿಕಾರ ದುರುಪಯೋಗದಂಥ ಆರೋಪವಾದರೆ ಕೃತ್ಯ ನಡೆದ ಐದು ವರ್ಷದೊಳಗೆ ಬರಬೇಕೆಂಬ ಮಿತಿಯಿದೆ. ದೂರಿನ ಪ್ರತಿ ಎದುರುದಾರರಿಗೆ ಹೋಗಿ ಅವರ ಆಕ್ಷೇಪಣೆ ಬರುತ್ತದೆ, ಅದಕ್ಕೆ ದೂರುದಾರರಿಂದ ಪ್ರತ್ಯುತ್ತರ ಕೇಳಲಾಗುತ್ತದೆ. ಎಷ್ಟೋ ದೂರುಗಳು ಇದೇ ಹಂತದಲ್ಲಿ ಸಾಯುತ್ತವೆ, ಏಕೆಂದರೆ ನೋಂದಾಯಿತ ಅಂಚೆಯಲ್ಲಿ ಬಂದ ಆಕ್ಷೇಪಣೆಯನ್ನು ಓದಿ ಕಂಡಿಕೆವಾರು ಉತ್ತರಿಸುವ ತಾಳ್ಮೆ ದೂರುದಾರರಿಗೆ ಉಳಿದಿರುವುದಿಲ್ಲ. ಆರೋಪ ರುಜುವಾತಾಗಿ ಲೋಕಾಯುಕ್ತ ಅಧಿನಿಯಮದ 12(3)ನೇ ಪ್ರಕರಣದ ವರದಿ ಹೋದರೆ ಸಕ್ಷಮ ಪ್ರಾಧಿಕಾರ ಮೂರು ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಅದೇ ಕಾಯ್ದೆಯಲ್ಲಿ ಶಿಕ್ಷೆಯೂ ಇದೆ.

ದೂರು ಸ್ವೀಕರಿಸುವ ಮೇಜಿನಲ್ಲಿ

ದೂರು ತಮ್ಮ ಕಚೇರಿಗೇ ಬಂದಾಗ ಪಿಡಿಒ ಅಥವಾ ಪುರಸಭೆಯ ಮುಖ್ಯಾಧಿಕಾರಿಯ ಸ್ಥಿತಿ ಇಕ್ಕಟ್ಟಿನದು. ದಿನ ಬೆಳಗಾದರೆ ಅದೇ ಸದಸ್ಯರ ಎದುರು ಕೂರಬೇಕು, ಸಾಮಾನ್ಯ ಸಭೆಯಲ್ಲಿ ಅವರ ಪ್ರಶ್ನೆಗೆ ಉತ್ತರಿಸಬೇಕು. ಹಾಗಾಗಿ ಮೊದಲ ಕೆಲಸ ಸ್ವೀಕೃತಿ ಕೊಟ್ಟು ಆವಕ ವಹಿಯಲ್ಲಿ ಸಂಖ್ಯೆ, ದಿನಾಂಕ ದಾಖಲಿಸುವುದು. ಎರಡನೆಯದು ದೂರಿನಲ್ಲಿ ಹೆಸರಿಸಿದ ಮೂಲ ದಾಖಲೆಗಳನ್ನು ಅದೇ ದಿನ ಪುಟಸಂಖ್ಯೆ ಹಾಕಿ, ಪಟ್ಟಿ ಮಾಡಿ, ಬೀಗದೊಳಗೆ ಇಡುವುದು. ದೂರಿನ ಸತ್ಯಾಸತ್ಯತೆಯನ್ನು ತಾವೇ ತೀರ್ಮಾನಿಸಲು ಹೋಗಬಾರದು. ಆ ಅಧಿಕಾರ ಅವರಿಗಿಲ್ಲ. ಮೇಲಾಗಿ ಪಾವತಿಯ ಕಡತದಲ್ಲಿ ಅವರದೇ ಸಹಿ ಇರುವ ಸಾಧ್ಯತೆಯೂ ಇದೆ. ತಮ್ಮ ಸಹಿ ಇರುವ ಕಡತದ ಬಗ್ಗೆ ವರದಿ ಕೇಳಿ ಪತ್ರ ಬಂದರೆ ಅದನ್ನು ಸ್ಪಷ್ಟವಾಗಿ ತಿಳಿಸಿ ಬೇರೊಬ್ಬರಿಂದ ವರದಿ ಪಡೆಯುವಂತೆ ಕೋರುವುದು ಅಧಿಕಾರಿಯ ರಕ್ಷಣೆಗೂ ಒಳ್ಳೆಯದು.

ಮೇಲಿನ ಹಂತದ ತನಿಖಾಧಿಕಾರಿ ಮಾಡಬೇಕಾದದ್ದು ಇನ್ನೂ ಎಚ್ಚರದ ಕೆಲಸ. ಸದಸ್ಯರಿಗೆ ನೀಡುವ ನೋಟಿಸ್‌ನಲ್ಲಿ ಆರೋಪ ಯಾವುದು, ಯಾವ ಪ್ರಕರಣದಡಿ, ಯಾವ ದಾಖಲೆಯ ಆಧಾರದಲ್ಲಿ ಎಂಬುದು ಒಂದೊಂದಾಗಿ ಇರಬೇಕು. ದೂರಿನ ಪ್ರತಿಯನ್ನೂ ದಾಖಲೆಗಳ ಪ್ರತಿಗಳನ್ನೂ ಕೊಡಬೇಕು. ಉತ್ತರಕ್ಕೆ ಸಮಂಜಸ ಸಮಯ ಬೇಕು. ಸ್ಥಳ ಮಹಜರಿನ ದಿನ ಎರಡೂ ಕಡೆಯವರಿಗೆ ತಿಳಿಸಿ, ಅಳತೆಯನ್ನು ಅವರ ಸಮ್ಮುಖದಲ್ಲೇ ಬರೆದು ಸಹಿ ಪಡೆಯಬೇಕು. ಸಹಿ ಮಾಡಲು ನಿರಾಕರಿಸಿದರೆ ಅದನ್ನೇ ಪಂಚರ ಎದುರು ದಾಖಲಿಸಬೇಕು. ಕೊನೆಯ ಆದೇಶದಲ್ಲಿ ಸದಸ್ಯರ ಸಮಜಾಯಿಷಿಯ ಪ್ರತಿ ಅಂಶಕ್ಕೂ ಕಾರಣಸಹಿತ ಉತ್ತರ ಇರಬೇಕು. "ಸಮಜಾಯಿಷಿ ಸಮಾಧಾನಕರವಾಗಿಲ್ಲ" ಎಂಬ ಒಂಟಿ ಸಾಲಿನ ಆದೇಶ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಇಷ್ಟು ಬಿಗಿ ಏಕೆಂದರೆ ದೂರು ಎಂಬುದು ಸೋತವರ ಕೈಯ ಆಯುಧವೂ ಆಗಬಲ್ಲದು. ಪಂಜಾಬಿನ ರಾಜಪುರ ಪುರಸಭೆಯ ಅಧ್ಯಕ್ಷರ ಪದಚ್ಯುತಿಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ರದ್ದುಪಡಿಸುತ್ತ, ಚುನಾಯಿತರನ್ನು ತೆಗೆಯುವುದು ಕಳಂಕ ಹಚ್ಚುವ ಗಂಭೀರ ಕ್ರಮ ಎಂದಿತು. 2024ರಲ್ಲಿ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ವಿಚಖೇಡಾ ಗ್ರಾಮದ ಮಹಿಳಾ ಸರಪಂಚರ ಅನರ್ಹತೆಯನ್ನು ತಳ್ಳಿಹಾಕುವಾಗ, ಹಳ್ಳಿಯ ಗಂಡಸರಿಗೆ ಹೆಣ್ಣೊಬ್ಬಳು ತಮ್ಮ ಪರವಾಗಿ ನಿರ್ಧಾರ ಮಾಡುವುದನ್ನು ಒಪ್ಪಿಕೊಳ್ಳಲು ಆಗಿಲ್ಲವೆಂಬ ಅರ್ಥದ ಮಾತನ್ನು ಅದೇ ನ್ಯಾಯಾಲಯ ಹೇಳಿತು. ನಮ್ಮಲ್ಲೂ ಮೀಸಲು ಸ್ಥಾನದಿಂದ ಬಂದ ದಲಿತ ಅಥವಾ ಮಹಿಳಾ ಸದಸ್ಯರು ಯಾರದೋ ಮಾತಿಗೆ ಸಹಿ ಹಾಕಲು ಒಪ್ಪದಿದ್ದಾಗ ದೂರುಗಳ ಮಳೆ ಸುರಿಯುವುದುಂಟು. ಒಂದೇ ವಾರದಲ್ಲಿ, ಒಂದೇ ಒಕ್ಕಣೆಯಲ್ಲಿ, ಹಲವು ಸಹಿಗಳೊಂದಿಗೆ ಬಂದ ಅರ್ಜಿಗಳನ್ನು ತನಿಖಾಧಿಕಾರಿ ಒಂದೇ ದೂರೆಂದು ಪರಿಗಣಿಸಿ, ಅದರ ಹಿಂದಿನ ಸಂದರ್ಭವನ್ನೂ ವರದಿಯಲ್ಲಿ ಬರೆಯುವುದು ನ್ಯಾಯ. ಮಹಿಳಾ ಸದಸ್ಯರ ಬದಲು ಗಂಡ ಬಂದು ಸಭೆಯಲ್ಲಿ ಕೂರುವ ಪ್ರಕರಣ ಇದಕ್ಕಿಂತ ಬೇರೆ: ಅದು ಸರ್ಕಾರದ ಸುತ್ತೋಲೆಗಳು ನಿಷೇಧಿಸಿದ ಹಸ್ತಕ್ಷೇಪ, ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಆತನನ್ನು ಒಳಗೆ ಬಿಟ್ಟ ಅಧಿಕಾರಿಗೆ.

ದೂರು ಕೊಟ್ಟ ಮೇಲೆ

ವಿಚಾರಣೆಯಲ್ಲಿ ದೂರುದಾರರು ವಾದಿಯಲ್ಲ ಎಂಬುದು ಹಲವರಿಗೆ ಬೇಸರದ ಸಂಗತಿ. ಮಹಾರಾಷ್ಟ್ರದ ಉರಣ್ ಪುರಸಭೆಯ ಅಧ್ಯಕ್ಷರ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ದೂರು ಕೊಟ್ಟವರು ಹೆಚ್ಚೆಂದರೆ ಸಾಕ್ಷಿಯಾಗಿ ಸಾಕ್ಷ್ಯ ನುಡಿಯಬಹುದೇ ಹೊರತು ಎದುರುಪಕ್ಷವಾಗಿ ಹೋರಾಡಲು ಬರುವುದಿಲ್ಲ ಎಂದು ಸ್ಪಷ್ಟಪಡಿಸಿದೆ. ಹಾಗಾಗಿ ಮೂಲ ದೂರಿನಲ್ಲಿ ಬಿಟ್ಟುಹೋದ ದಾಖಲೆಯನ್ನು ಮುಂದೆ ಸೇರಿಸಲು ಅವಕಾಶ ಸಿಕ್ಕೇ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಎಲ್ಲವೂ ಮೊದಲ ದಿನವೇ ಅನುಬಂಧದಲ್ಲಿರಬೇಕು. ವಿಚಾರಣೆಯ ದಿನ ಹೇಳಿಕೆ ಕೊಟ್ಟ ಮೇಲೆ ಅದನ್ನು ಓದಿ ನೋಡದೆ ಸಹಿ ಮಾಡಬಾರದು.

ತಿಂಗಳುಗಟ್ಟಲೆ ಕಡತ ಕದಲದಿದ್ದರೆ ಅದೇ ದೂರನ್ನು ಮುಖ್ಯಮಂತ್ರಿಯಿಂದ ಹಿಡಿದು ಎಲ್ಲರಿಗೂ ಕಳಿಸುವುದರಿಂದ ಪ್ರಯೋಜನವಿಲ್ಲ, ಅಷ್ಟೂ ಪ್ರತಿಗಳು ಸುತ್ತಿ ಬಂದು ಅದೇ ಮೇಜಿನ ಮೇಲೆ ಕೂರುತ್ತವೆ. ಅದರ ಬದಲು ತಮ್ಮ ದೂರಿನ ಕಡತದ ಟಿಪ್ಪಣಿ ಹಾಳೆಗಳನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಿದರೆ, ಯಾರ ಬಳಿ ಎಷ್ಟು ದಿನ ನಿಂತಿದೆ ಎಂಬುದು ಷರಾಗಳಿಂದ ತಿಳಿಯುತ್ತದೆ. ಮೊದಲ ಮೇಲ್ಮನವಿಗೆ 30 ದಿನ, ಮಾಹಿತಿ ಆಯೋಗದ ಎರಡನೇ ಮೇಲ್ಮನವಿಗೆ 90 ದಿನದ ಗಡುವು ನೆನಪಿರಲಿ. ಆ ಹಾಳೆಗಳನ್ನು ಇಟ್ಟುಕೊಂಡು, ದೂರನ್ನು ನಿಗದಿತ ಅವಧಿಯೊಳಗೆ ಇತ್ಯರ್ಥಪಡಿಸುವಂತೆ ಪ್ರಾಧಿಕಾರಕ್ಕೆ ನಿರ್ದೇಶನ ಕೋರಿ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು. ನ್ಯಾಯಾಲಯ ಅಲ್ಲಿ ಸದಸ್ಯರ ತಪ್ಪನ್ನು ತೀರ್ಮಾನಿಸುವುದಿಲ್ಲ, ಕೂತುಹೋದ ಕಡತವನ್ನು ಎಬ್ಬಿಸುತ್ತದೆ, ಅಷ್ಟೇ.

ಸದಸ್ಯರ ಅವಧಿ ನಡುವೆಯೇ ಮುಗಿದುಹೋದರೆ 43ಎ ಅಡಿಯ ಪದಚ್ಯುತಿಯ ಪ್ರಶ್ನೆ ಅರ್ಥ ಕಳೆದುಕೊಳ್ಳುತ್ತದೆ. ಕರ್ನಾಟಕದಲ್ಲಿ ಇದು ಅಪರೂಪವೇನಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್ ನಂತರ ಹಲವು ವರ್ಷ ದೂರು ಕೊಡಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಆದರೆ ಲೋಕಾಯುಕ್ತ ಕಾಯ್ದೆಯ ವ್ಯಾಖ್ಯೆಯಲ್ಲಿ ಹಾಲಿ ಸದಸ್ಯರಷ್ಟೇ ಅಲ್ಲದೆ ಹಿಂದೆ ಎಂದಾದರೂ ಸದಸ್ಯರಾಗಿದ್ದವರೂ ಸೇರುತ್ತಾರೆ, ಹೆಚ್ಚುವರಿಯಾಗಿ ಪಾವತಿಯಾದ ಹಣದ ವಸೂಲಿಯೂ ಅವಧಿಯೊಂದಿಗೆ ಮುಗಿದುಹೋಗುವುದಿಲ್ಲ. ಅಂಥ ಸಂದರ್ಭದಲ್ಲಿ ಹಳೆಯ ದೂರಿನ ಸ್ವೀಕೃತಿಯನ್ನೂ ದೃಢೀಕೃತ ಪ್ರತಿಗಳನ್ನೂ ಜೊತೆಗಿಟ್ಟು, ಕೃತ್ಯ ನಡೆದ ದಿನದಿಂದ ಐದು ವರ್ಷ ತುಂಬುವ ಮೊದಲು ನಮೂನೆ 1 ಮತ್ತು 2ರಲ್ಲಿ ಹೊಸದಾಗಿ ದೂರು ಸಲ್ಲಿಸಬೇಕು.